ಸಮಾಧಿ ತೋಟದ ಕಳೆಗೆ ಮದ್ದಿನ ಡಬ್ಬ ಬೇಕೆ?



ನವೆಂಬರ್ 2ನೇ ತಾರೀಖು ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಆ ದಿನ ಸಮಾಧಿಗಳ ಆಶೀರ್ವಾದ ಆಗಬೇಕು, ಮೇಣದ ಬತ್ತಿ ಹಚ್ಚಬೇಕು, ಹೂವು ಇಡಬೇಕು. ಆದರೆ ನಮ್ಮ ಕಂಬಂ ಕಣಿವೆಗೆ ಹಿಂಗಾರು ಮಳೆ ಇಳಿಯುವುದೂ ಸರಿಯಾಗಿ ಅದೇ ಹೊತ್ತಿಗೆ. ಅಕ್ಟೋಬರ್ ತಿಂಗಳ ಮೊದಲ ಮಳೆ ಬಿದ್ದ ಹತ್ತೇ ದಿನಕ್ಕೆ ನೆಲವೆಲ್ಲ ಹಸಿರು. ತಿಂಗಳ ಕೊನೆಗೆ ಶಿಲುಬೆಗಳ ಬುಡ ಕಾಣದಷ್ಟು ಗಿಡ. ಆಗ ಒಂದು ಮಾತು ತಪ್ಪದೆ ಬರುತ್ತದೆ: "ಫಾದರ್, ಒಂದು ಡಬ್ಬ ಮದ್ದು ತಂದು ಹೊಡೆದುಬಿಡೋಣ. ಮೂರು ದಿನದಲ್ಲಿ ಒಣಗಿ ಹೋಗುತ್ತದೆ, ಆಳಿನ ಕೂಲಿಯೂ ಉಳಿಯುತ್ತದೆ."

ಈ ಸಲ ಆ ಮಾತು ಬರುವ ಮುಂಚೆಯೇ, ಆಗಸ್ಟ್ ಸಂಚಿಕೆಯಲ್ಲೇ, ಈ ಪಾಠ ಬರೆಯುತ್ತಿದ್ದೇನೆ. ಕಳೆಯ ವಿಷಯದಲ್ಲಿ ಎರಡು ತಿಂಗಳು ಮೊದಲು ಕೈಹಚ್ಚಿದರೆ ಗುದ್ದಲಿ, ಕುಡುಗೋಲು ಸಾಕು. ಹಬ್ಬದ ಹಿಂದಿನ ವಾರ ಎದ್ದವರಿಗೆ ಮಾತ್ರ ಮದ್ದಿನ ಅಂಗಡಿ ನೆನಪಾಗುತ್ತದೆ.

ಮದ್ದು ಬೇಕೆನ್ನುವವರ ಲೆಕ್ಕ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬ ಆಳು ಒಂದು ಬೆಳಗಿನಲ್ಲಿ ಮುಗಿಸುವ ಕೆಲಸಕ್ಕೆ ಕೈಯಿಂದ ಕೀಳುವುದಾದರೆ ಎಂಟು ಹತ್ತು ಹೆಂಗಸರು ಎರಡು ದಿನ ಬಾಗಬೇಕು. ಕೂಲಿಗೆ ಜನ ಸಿಗುವುದೇ ಕಷ್ಟ. ಬೆಳಕು ಹರಿಯುವ ಮೊದಲೇ ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುವವರು ನಮ್ಮಲ್ಲಿ ಎಷ್ಟೋ ಮಂದಿ. ಆದರೆ ಆ ಲೆಕ್ಕದಲ್ಲಿ ಬರೆಯದೆ ಬಿಟ್ಟ ಕೆಲವು ಬಾಬ್ತುಗಳಿವೆ. ಅವನ್ನೂ ಸೇರಿಸಿ ಕೂಡಿಸಿ ನೋಡೋಣ.

ಎಲ್ಲರ ನೆಲ

ನಮ್ಮ ನಮ್ಮ ಹೊಲಕ್ಕೆ ಮದ್ದು ಹೊಡೆದರೆ ಯಾವ ದಿನ ಹೊಡೆದೆವು ಎಂದು ನಮಗೆ ಗೊತ್ತಿರುತ್ತದೆ. ದನವನ್ನು ಆ ಕಡೆ ಬಿಡುವುದಿಲ್ಲ, ಮಕ್ಕಳನ್ನು ಗದರಿಸಿ ಕಳಿಸುತ್ತೇವೆ. ಸಮಾಧಿ ತೋಟ, ಶಾಲೆಯ ಮೈದಾನ, ಬಸ್ ನಿಲ್ದಾಣದ ಬದಿ, ಬೀದಿಯ ಚರಂಡಿ ದಂಡೆ, ಪುರಸಭೆಯ ಉದ್ಯಾನ ಇವು ಹಾಗಲ್ಲ. ಮದ್ದು ಹೊಡೆದವನು ಪಂಪು ತೊಳೆದು ಮನೆಗೆ ಹೋಗುತ್ತಾನೆ. ಮರುದಿನ ಬೆಳಿಗ್ಗೆ ಅಲ್ಲಿಗೆ ಬರುವ ಹಸುವಿಗೆ, ಮೇಕೆಗೆ, ನಾಯಿಗೆ, ಚೆಂಡು ಹುಡುಕುತ್ತಾ ಬರುವ ಹುಡುಗನಿಗೆ ಅದನ್ನು ತಿಳಿಸುವವರು ಯಾರು?

ನಾಯಿಯ ಮಾತು ಬಂತೆಂದು ನಗಬೇಡಿ. ಉತ್ತಮಪಾಳಯಂ ತಾಲೂಕಿನ ಕೊಂಬೈ ಊರಿನ ಹೆಸರನ್ನೇ ಹೊತ್ತ ನಾಯಿ ತಳಿ ನಮ್ಮದು. ಕೆಂಪು ಮೈ, ಕಪ್ಪು ಮೂತಿ, ತೋಟ ಕಾಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಅಂಥ ನಾಯಿ ಬೀದಿಯ ಹುಲ್ಲಿನಲ್ಲಿ ನಡೆದು ಬಂದು ಜಗುಲಿಯಲ್ಲಿ ಮಲಗಿ ಮೊದಲು ಮಾಡುವ ಕೆಲಸ ಪಾದ ನೆಕ್ಕುವುದು. ಹೊಟ್ಟೆ ಸರಿಯಿಲ್ಲದಾಗ ಹುಲ್ಲನ್ನೇ ತಿನ್ನುತ್ತದೆ. ಆಮೇಲೆ ಅದೇ ಪಾದದಲ್ಲಿ ಮಕ್ಕಳು ಮಲಗುವ ಚಾಪೆಯ ಮೇಲೆ ಓಡಾಡುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಸಾಕುನಾಯಿಗಳ ಮೂತ್ರವನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮನೆಯ ಹುಲ್ಲಿಗೆ ಕಳೆನಾಶಕ ಹೊಡೆದವರ ನಾಯಿಗಳಲ್ಲಿ ಮಾತ್ರವಲ್ಲ, ಹೊಡೆಯದೇ ಇದ್ದ ಕೆಲವು ಮನೆಗಳ ನಾಯಿಗಳಲ್ಲೂ ಆ ರಾಸಾಯನಿಕ ಕಂಡುಬಂತು. ನೆರೆಯವರ ಹುಲ್ಲಿನಿಂದಲೋ ಸಾರ್ವಜನಿಕ ಜಾಗದಿಂದಲೋ ಅವು ಅದನ್ನು ಹೊತ್ತು ತಂದಿರಬೇಕು. 2,4-ಡಿ ಎಂಬ ಕಳೆನಾಶಕವನ್ನು ನಾಯಿಯ ಮೂತ್ರಪಿಂಡ ಬೇರೆ ಪ್ರಾಣಿಗಳಷ್ಟು ಬೇಗ ಹೊರಹಾಕಲಾರದು ಎಂಬುದೂ ಪಶುವೈದ್ಯರಿಗೆ ಗೊತ್ತಿರುವ ಸಂಗತಿ.

ದನಗಳ ವಿಷಯ ಇನ್ನೂ ದೊಡ್ಡದು. ಕಂಬಂ ಪೇಟೆಯಲ್ಲಿ, ಮನೆಯೊಳಗೆ ನಮ್ಮ ಹಾಗೆ ಕನ್ನಡ ಮಾತಾಡುವ ಒಕ್ಕಲಿಗರ ನಂದಗೋಪಾಲ ದೇವಸ್ಥಾನದ ತಂಬಿರಾನ್ ದನಗಳ ದೊಡ್ಡಿ ಇದೆ. ಮಾಟ್ಟುಪ್ಪೊಂಗಲ್ ದಿನ ಜನ ಅಲ್ಲಿ ಕಿಕ್ಕಿರಿದು ಸೇರುತ್ತಾರೆ. ದನವನ್ನು ಅಷ್ಟು ಗೌರವಿಸುವ ಸೀಮೆ ಇದು. ಮೇಘಮಲೆಯ ಕಾಡು 2021ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಯಿತು. 2022ರಲ್ಲಿ ಕಾಡಿನೊಳಗೆ ದನ ಮೇಯಿಸುವುದರ ಮೇಲೆ ಮದ್ರಾಸ್ ಹೈಕೋರ್ಟಿನ ನಿರ್ಬಂಧವೂ ಬಂತು. ಮಲೆಮಾಡು ಸಾಕುವವರಿಗೆ ಅದರಿಂದ ಎಷ್ಟು ಕಷ್ಟವಾಯಿತೆಂದು ಅವರ ಬಾಯಿಂದಲೇ ಕೇಳಿ. ಕಾಡು ಮುಚ್ಚಿದರೆ ದನಕ್ಕೆ ಉಳಿಯುವುದು ಕಾಲುವೆ ದಂಡೆ, ರಸ್ತೆ ಬದಿ, ಪೊರಂಬೋಕು. ಆ ಹುಲ್ಲಿಗೇ ವಿಷ ಹಾಕಿದರೆ ಅವು ಎಲ್ಲಿಗೆ ಹೋಗಬೇಕು?

ಬಳ್ಳಿಗೆ ಬರುವ ಕೇಡು

ನಮ್ಮ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆಗ ಪತ್ರಿಕೆಗಳಲ್ಲಿ ಬಂದ ಚರಿತ್ರೆಯನ್ನು ಓದಿರುತ್ತೀರಿ: 1832ರಲ್ಲಿ ಈ ಬಳ್ಳಿಯನ್ನು ತಮಿಳುನಾಡಿಗೆ ತಂದವರು ಒಬ್ಬ ಫ್ರೆಂಚ್ ಧರ್ಮಗುರು. ಈಗ ಕಣಿವೆಯ ಎಷ್ಟೋ ಮನೆಗಳ ಅನ್ನ ಅದೇ ಬಳ್ಳಿಯಿಂದ.

ಜಗತ್ತಿನಲ್ಲಿ 2,4-ಡಿಗೆ ಅತ್ಯಂತ ಬೇಗ ಬಾಡುವ ಬೆಳೆಗಳಲ್ಲಿ ದ್ರಾಕ್ಷಿ ಒಂದು. ಈ ಮದ್ದು ಅಗಲ ಎಲೆಯ ಕಳೆಯನ್ನು ಕೊಲ್ಲುವುದು ಅದರ ಬೆಳವಣಿಗೆಯನ್ನೇ ದಿಕ್ಕೆಡಿಸಿ; ದ್ರಾಕ್ಷಿಯೂ ಅಗಲ ಎಲೆಯದೇ. ಸಿಂಪಡಿಸುವಾಗ ಗಾಳಿಯಲ್ಲಿ ಹಾರುವ ಹನಿ ಒಂದು ಕಡೆ. ಎಸ್ಟರ್ ಎಂಬ ರೂಪದ 2,4-ಡಿಯಾದರೆ ಬಿಸಿಲಿಗೆ ಆವಿಯಾಗಿ ಎಷ್ಟೋ ದೂರದ ತೋಟಕ್ಕೂ ತಲುಪುತ್ತದೆ. ಚಿಗುರೆಲೆ ಬೀಸಣಿಗೆಯಂತೆ ಮಡಚಿಕೊಳ್ಳುವುದು, ಎಲೆಯ ನರಗಳು ಒತ್ತಾಗಿ ಸೇರಿ ಅಂಚು ಗರಗಸದಂತಾಗುವುದು, ಕುಡಿ ತಿರುಚಿಕೊಳ್ಳುವುದು, ಗೊಂಚಲಿನಲ್ಲಿ ಕಾಯಿ ಸರಿಯಾಗಿ ಕಟ್ಟದಿರುವುದು ಇದರ ಲಕ್ಷಣ. ನೋಡಿದವರು ನಂಜು ರೋಗವೆಂದು ತಿಳಿದು ಮತ್ತೊಂದು ಮದ್ದು ಹೊಡೆಯುತ್ತಾರೆ. ನಮ್ಮ ಕಣಿವೆಯಲ್ಲಿ ಪೆರಿಯಾರ್ ನೀರಿನಲ್ಲಿ ಎರಡು ಬೆಳೆ ಬೆಳೆಯುವ ಗದ್ದೆ 14,707 ಎಕರೆ. ಗದ್ದೆಯೂ ದ್ರಾಕ್ಷಿ ಪಂದಲೂ ಅಕ್ಕಪಕ್ಕದಲ್ಲೇ ಇವೆ, ಅವುಗಳ ನಡುವೆಯೇ ಊರು, ಶಾಲೆ, ಸಮಾಧಿ ತೋಟ. ಸಮಾಧಿ ತೋಟದ ಗೋಡೆಯಾಚೆ ಕಾಯಿ ಕಟ್ಟುತ್ತಿರುವ ಪಂದಲು ಇದ್ದರೆ, ನಾವು ಹೊಡೆದದ್ದು ಮರುದಿನ ನೆರೆಯವನ ಬಳ್ಳಿಯಲ್ಲಿ ಕಾಣುತ್ತದೆ. ಎಲೆ ಹೀಗಾದದ್ದು ಕಂಡರೆ ಅನುಮಾನದಲ್ಲಿ ಕೂರದೆ ಒಂದು ಕುಡಿ ಕಿತ್ತು ಆನೈಮಲೈಯನ್‌ಪಟ್ಟಿಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ.

ಡಬ್ಬದೊಳಗೆ ಏನಿದೆ

"ಮದ್ದು" ಎಂಬ ಒಂದೇ ಹೆಸರಿನಲ್ಲಿ ಅಂಗಡಿಯವನು ಕೊಡುವುದು ಒಂದೇ ವಸ್ತುವಲ್ಲ. 2,4-ಡಿಯ ಮಾತು ಆಯಿತು. ಇನ್ನೊಂದು ಗ್ಲೈಫೋಸೇಟ್. ನಮ್ಮ ದೇಶದಲ್ಲಿ ಇದಕ್ಕೆ ನೋಂದಣಿ ಕೊಟ್ಟದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ನೆಲಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಎಲ್ಲರೂ ಇದನ್ನು ಒಪ್ಪಿಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಇದರ ಪರವಾನಗಿಯನ್ನು ಮತ್ತೆ 10 ವರ್ಷಕ್ಕೆ ಮುಂದುವರಿಸಿತು. ನಮ್ಮ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ, ಪರವಾನಗಿ ಪಡೆದ ಕೀಟ ನಿಯಂತ್ರಣದವರ ಮೂಲಕವಲ್ಲದೆ ಬೇರೆ ಯಾರೂ ಇದನ್ನು ಸಿಂಪಡಿಸಬಾರದೆಂದು ಆದೇಶ ಹೊರಡಿಸಿತು. ತಯಾರಕರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಕುಮಳಿಯ ಆಚೆ ಕೇರಳ ಸರಕಾರ 2019ರಲ್ಲಿ ನಿಷೇಧಿಸಿತು. ಪಂಡಿತರು ವಾದ ಮಾಡಲಿ. ವಾದ ಮುಗಿಯದ ವಸ್ತುವನ್ನು ಮಕ್ಕಳು ಮಂಡಿಯೂರುವ ನೆಲಕ್ಕೆ ಸುರಿಯುವ ಅವಸರ ನಮಗೇನಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೂರನೆಯದರ ವಿಷಯದಲ್ಲಿ ವಾದವೇ ಇಲ್ಲ. ಗ್ಲೈಫೋಸೇಟ್ ಹೊಡೆದ ಗಿಡ ಒಣಗಲು ಹತ್ತು ಹದಿನೈದು ದಿನ ಬೇಕು. "ಮೂರು ದಿನದಲ್ಲಿ ಒಣಗುತ್ತದೆ" ಎಂದು ಯಾರಾದರೂ ಹೇಳಿದರೆ ಅವರು ಹೇಳುತ್ತಿರುವುದು ಬಹುಮಟ್ಟಿಗೆ ಪ್ಯಾರಾಕ್ವಾಟ್ ಎಂಬುದನ್ನು. ಇದು ಬಾಯಿಗೆ ಹೋದರೆ ಪ್ರತಿಮದ್ದು ಇಲ್ಲ. ಮೂತ್ರಪಿಂಡ ಮೊದಲು, ಶ್ವಾಸಕೋಶ ಆಮೇಲೆ. ಸ್ವಿಟ್ಜರ್ಲೆಂಡ್ 1989ರಲ್ಲೇ ಇದನ್ನು ಬಿಟ್ಟಿತು, ಕೇರಳ 2011ರಲ್ಲಿ ನಿಷೇಧಿಸಿತು. ಶ್ರೀಲಂಕಾ 2008ರಿಂದ 2011ರೊಳಗೆ ಪ್ಯಾರಾಕ್ವಾಟನ್ನೂ ಇನ್ನೆರಡು ವಿಷಗಳನ್ನೂ ಹಂತಹಂತವಾಗಿ ತೆಗೆದುಹಾಕಿತು. ಅಲ್ಲಿ ವಿಷ ಸೇವಿಸಿ ಸಾಯುವವರ ಸಂಖ್ಯೆ ಇಳಿಯಿತು, ಬೆಳೆಯ ಇಳುವರಿ ಇಳಿಯಲಿಲ್ಲ. ಸಮಾಧಿ ತೋಟಕ್ಕೆಂದು ತಂದ ಡಬ್ಬದಲ್ಲಿ ಅರ್ಧ ಉಳಿದೇ ಉಳಿಯುತ್ತದೆ. ಅದು ಯಾರದೋ ಮನೆಯ ಅಟ್ಟದ ಮೇಲೆ, ಕೆಲವೊಮ್ಮೆ ತಂಪು ಪಾನೀಯದ ಬಾಟಲಿಯಲ್ಲಿ, ವರ್ಷಗಟ್ಟಲೆ ಇರುತ್ತದೆ. ಸಾಲ, ಜಗಳ, ಪರೀಕ್ಷೆಯ ಸೋಲು ಯಾವ ಮನೆಗೆ ಯಾವ ರಾತ್ರಿ ಬರುತ್ತದೋ ಹೇಳಲಾಗದು. ಆ ರಾತ್ರಿ ಆ ಡಬ್ಬ ಕೈಗೆ ಎಟುಕದೆ ಇದ್ದರೆ ಬೆಳಗಾಗುತ್ತದೆ. ಮನೆಯಲ್ಲಿ ಇಂಥದ್ದಿದ್ದರೆ ಬೀಗದೊಳಗಿಡಿ, ಹೊಸದಾಗಿ ತರಬೇಡಿ. ಯಾರಾದರೂ ನುಂಗಿದರೆ ಮನೆಮದ್ದು ಮಾಡುತ್ತಾ ಕೂರದೆ, ಡಬ್ಬದ ಚೀಟಿಯ ಸಮೇತ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸು ಭಾರವಾದವರಿಗೆ ಸರಕಾರದ 14416 ದೂರವಾಣಿ ಹಗಲು ರಾತ್ರಿ ಇದೆ. ಗುರುಮನೆಯ ಬಾಗಿಲೂ ಇದೆ.

ಇಷ್ಟೆಲ್ಲ ಆದ ಮೇಲೆ ಮದ್ದಿನಿಂದ ಸಿಗುವುದೇನು? ನಿಂತಲ್ಲೇ ಒಣಗಿದ ಗಿಡ. ಅದನ್ನು ಮತ್ತೆ ಆಳು ಹಾಕಿ ಕೊಯ್ಯಲೇಬೇಕು. ಕೊಯ್ಯದೆ ಬಿಟ್ಟು ನವೆಂಬರ್ 2ರ ಸಂಜೆ ಅದರ ನಡುವೆ ನೂರಾರು ಮೇಣದ ಬತ್ತಿ ಹಚ್ಚುವುದನ್ನು ಸುಮ್ಮನೆ ಊಹಿಸಿಕೊಳ್ಳಿ.

ನಮ್ಮ ಮುಖ್ಯ ಶತ್ರು

ಬೀದಿ ಬದಿಯಲ್ಲಿ ಬೆಳೆಯುವುದೆಲ್ಲ ಕಳೆಯಲ್ಲ. ಉತ್ತರಾಣಿ (ತಮಿಳಿನ ನಾಯುರುವಿ), ಕೊಮ್ಮೆ, ನೆಗ್ಗಿಲು (ನೆರುಂಜಿ) ಇವುಗಳಲ್ಲಿ ಕೆಲವು ಅಜ್ಜಿಯರಿಗೆ ಔಷಧ, ಕೆಲವು ಮೇಕೆಗೆ ಮೇವು. ಗರಿಕೆ, ಅಂದರೆ ಅರುಗಂಪುಲ್, ನೆಲ ಹಿಡಿದಿಡುವ ಸ್ನೇಹಿತ. ಕೊನ್ನಾರಿ ಮಾತ್ರ (ತಮಿಳಿನಲ್ಲಿ ಕೋರೈ) ಹಟಮಾರಿ. ಮಣ್ಣಿನೊಳಗಿನ ಗಡ್ಡೆಯಿಂದ ಮತ್ತೆ ಮತ್ತೆ ಏಳುತ್ತದೆ, ಮದ್ದಿಗೂ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ನೆರಳು ಕಂಡರಾಗದು ಎಂಬುದನ್ನು ನೆನಪಿಡಿ.

ನಿಜವಾದ ಶತ್ರು ಪಾರ್ಥೇನಿಯಂ. ಕರ್ನಾಟಕದ ನೆಂಟರು ಇದನ್ನು ಕಾಂಗ್ರೆಸ್ ಗಿಡ ಎನ್ನುತ್ತಾರೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಅಮೆರಿಕದ ಗಿಡ ದೇಶವನ್ನೆಲ್ಲ ಹಬ್ಬಿತು. ಒಂದೇ ಗಿಡ 15,000ದಿಂದ 25,000 ಬೀಜ ಉದುರಿಸುತ್ತದೆ. ಮೊಳೆತ ನಾಲ್ಕು ಆರು ವಾರದಲ್ಲೇ ಹೂ ಬಿಡುತ್ತದೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ದನ ತಿಂದರೆ ಹಾಲು ಕಹಿ, ಹೆಚ್ಚು ತಿಂದರೆ ದನಕ್ಕೇ ಕುತ್ತು. ಮನುಷ್ಯರಿಗೆ ಇದರ ತುರಿಕೆ ಮೊದಲ ದಿನವೇ ಬರಬೇಕೆಂದಿಲ್ಲ. ವರ್ಷಗಟ್ಟಲೆ ಸುಮ್ಮನೆ ಕಿತ್ತವನಿಗೆ ಒಂದು ವರ್ಷ ಇದ್ದಕ್ಕಿದ್ದಂತೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಉರಿಯತೊಡಗುತ್ತದೆ. ಒಮ್ಮೆ ಬಂದರೆ ಅದು ಬಿಡುವುದು ಕಷ್ಟ. ಉಬ್ಬಸದವರಿಗೆ ಇದರ ಪರಾಗವೂ ಶತ್ರು.

ಇದನ್ನು ಮದ್ದಿಲ್ಲದೆ ಎದುರಿಸುವ ದಾರಿಯನ್ನು ದೇಶಕ್ಕೆ ತೋರಿಸಿದ ಊರುಗಳಲ್ಲಿ ಬೆಂಗಳೂರು ಮೊದಲನೆಯದು. ಖಾಲಿ ನಿವೇಶನಗಳಲ್ಲೆಲ್ಲ ಈ ಗಿಡ ತುಂಬಿದ್ದ ಆ ನಗರದಲ್ಲಿ, ಮೆಕ್ಸಿಕೋದಿಂದ ತರಿಸಿ ಪರೀಕ್ಷಿಸಿದ ಒಂದು ಪುಟ್ಟ ಜೀರುಂಡೆಯನ್ನು 1984ರಲ್ಲಿ ಬಿಡಲಾಯಿತು. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಹುಳು ಅದು. ಹುಳುವೂ ಮರಿಯೂ ಪಾರ್ಥೇನಿಯಂ ಎಲೆಯನ್ನೇ ತಿನ್ನುತ್ತವೆ. ಸೂರ್ಯಕಾಂತಿಗೂ ಬಾಯಿ ಹಾಕುತ್ತದೆಂಬ ಗಾಬರಿ ಕೆಲವು ವರ್ಷ ಇತ್ತು. ತಜ್ಞರು ಪರಿಶೀಲಿಸಿದ ಮೇಲೆ ಆ ಭಯ ಇಳಿಯಿತು. ಮಳೆಗಾಲದಲ್ಲಿ ಅದು ಕೆಲಸ ಮಾಡುತ್ತದೆ, ಒಣ ತಿಂಗಳಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಹಾಗಾಗಿ ಅದೊಂದನ್ನೇ ನಂಬಿ ಕೂರುವಂತಿಲ್ಲ. ನಿಮ್ಮ ಕಡೆ ಕಂಡರೆ ಮಾತ್ರ ದಯವಿಟ್ಟು ಅದಕ್ಕೆ ಕೀಟನಾಶಕ ಹೊಡೆಯಬೇಡಿ.

ಸುಗ್ಗಿಯವರೆಗೆ ಕಳೆಯನ್ನು ಕೀಳದೆ ಬಿಡಿ ಎಂದು ಸ್ವಾಮಿಯೇ ಸಾಮತಿಯಲ್ಲಿ ಹೇಳಿದ್ದಾರಲ್ಲ ಎಂದು ತರಲೆ ಮಾಡುವವರು ಪ್ರತಿ ಊರಿನಲ್ಲೂ ಇರುತ್ತಾರೆ. ಆ ಕಳೆ ಎಳೆಯದಿರುವಾಗ ಗೋಧಿಯ ಹಾಗೆಯೇ ಕಾಣುವ ಹುಲ್ಲು, ಕೀಳಲು ಹೋದರೆ ಗೋಧಿಯೂ ಬರುತ್ತಿತ್ತು. ಪಾರ್ಥೇನಿಯಂ ಭತ್ತದ ಹಾಗಾಗಲಿ ರಾಗಿಯ ಹಾಗಾಗಲಿ ಕಾಣುವುದಿಲ್ಲ. ಧೈರ್ಯವಾಗಿ ಕೀಳಿ.

ಕೆಲಸದ ಕ್ರಮ

ನಮ್ಮಲ್ಲಿ ಒಂದು ಅಭ್ಯಾಸವಿದೆ: ಹಬ್ಬಕ್ಕೆ ವಾರವಿರುವಾಗ ಜೆಸಿಬಿ ಕರೆಸಿ ನೆಲವನ್ನು ಬೋಳಾಗಿ ಕೆರೆಸುವುದು. ನೋಡಲು ಎರಡು ವಾರ ಚೆಂದ. ಆದರೆ ಪಾರ್ಥೇನಿಯಂ ಬೀಜಕ್ಕೆ ಬೇಕಾದದ್ದೇ ಬೆಳಕು ಬೀಳುವ ಬೋಳು ಮಣ್ಣು. ಗರಿಕೆಯನ್ನು ಕೆರೆದು ತೆಗೆದ ಜಾಗದಲ್ಲಿ ಮುಂದಿನ ಮಳೆಗೆ ಏಳುವುದು ಅದೇ. ಆದ್ದರಿಂದ ಮೊದಲ ಸೂತ್ರ: ನೆಲವನ್ನು ಕೆರೆಯಬೇಡಿ, ಹುಲ್ಲನ್ನು ಕುಡುಗೋಲಿನಿಂದ ಎರಡು ಅಂಗುಲ ಬಿಟ್ಟು ಕೊಯ್ಯಿರಿ. ಗರಿಕೆ ದಟ್ಟವಾದಷ್ಟೂ ಉಳಿದದ್ದಕ್ಕೆ ಜಾಗ ಕಡಿಮೆ. ಕೊಯ್ದ ಹುಲ್ಲು ವಿಷವಿಲ್ಲದ್ದು, ದನಕ್ಕೆ ಹಾಕಬಹುದು.

ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮುಂಚೆ, ಎಲೆಗಳು ಚಕ್ರದಂತೆ ನೆಲಕ್ಕಂಟಿಕೊಂಡಿರುವಾಗ, ಮಳೆ ಬಿದ್ದ ಮರುದಿನ ಬೇರುಸಮೇತ ಕೀಳಬೇಕು. ಒದ್ದೆ ಮಣ್ಣಿನಲ್ಲಿ ಎಳೆದರೆ ಬರುತ್ತದೆ. ಒಣ ಮಣ್ಣಿನಲ್ಲಿ ತುಂಡಾಗಿ ಬುಡದಿಂದ ನಾಲ್ಕು ಕವಲೊಡೆಯುತ್ತದೆ. ಕೈಚೀಲ, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಕಡ್ಡಾಯ. ಉಬ್ಬಸ, ಚರ್ಮದ ತುರಿಕೆ ಇರುವವರು ಈ ಕೆಲಸಕ್ಕೆ ಬರಬೇಡಿ. ಶ್ರಮದಾನದ ಹೆಸರಿನಲ್ಲಿ ಶಾಲೆಯ ಮಕ್ಕಳಿಂದ ಇದನ್ನು ಕೀಳಿಸುವುದು ನನಗೆ ಒಪ್ಪಿಗೆಯಿಲ್ಲ. ಹೂ ಬಿಡದ ಗಿಡವನ್ನು ಸಗಣಿಯ ಜೊತೆ ಗುಂಡಿಯಲ್ಲಿ ಕೊಳೆಸಿದರೆ ಒಳ್ಳೆಯ ಗೊಬ್ಬರ. ಹೂ ಬಿಟ್ಟದ್ದನ್ನು ಕಿತ್ತು ಬದಿಗೆ ಎಸೆದರೆ ಅಲ್ಲೇ ಬೀಜ ಬಲಿಯುತ್ತದೆ. ಆಳವಾದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

ಕಿತ್ತ ಜಾಗವನ್ನು ಖಾಲಿ ಬಿಡಬಾರದು. ಜಬಲ್ಪುರದ ಕೇಂದ್ರೀಯ ಕಳೆ ಸಂಶೋಧನಾ ಸಂಸ್ಥೆಯವರು ಪಾರ್ಥೇನಿಯಂಗೆ ಪೈಪೋಟಿ ಕೊಡುವ ಗಿಡಗಳೆಂದು ಹೇಳುವವುಗಳಲ್ಲಿ ತಗಚೆ (ತಗರೈ), ತಂಗಡಿ (ಆವಾರಂ), ಕೊಳಿಂಜಿ ಇವೆ, ಚೆಂಡುಹೂವೂ ಇದೆ! ನಿಲಕ್ಕೋಟೈ, ದಿಂಡಿಗಲ್ ಕಡೆಯ ಹೂ ಬೆಳೆಗಾರರಿಗೆ ನಾನು ಚೆಂಡುಹೂವಿನ ಪಾಠ ಹೇಳಬೇಕಾಗಿಲ್ಲ. ಬೀಜ ಹಾಕಿದ ಎರಡು, ಎರಡೂವರೆ ತಿಂಗಳಿಗೆ ಹೂ. ಈ ಆಗಸ್ಟ್ ಮೂರನೆಯ ವಾರದೊಳಗೆ ಪಾತಿಯಲ್ಲಿ ಬೀಜ ಹಾಕಿ ಸೆಪ್ಟೆಂಬರ್ ಮಧ್ಯದಲ್ಲಿ ಸಮಾಧಿಗಳ ಸುತ್ತ ನಾಟಿ ಮಾಡಿದರೆ ನವೆಂಬರ್ 2ಕ್ಕೆ ಸಂತೆಯಿಂದ ಹೂ ತರುವ ಖರ್ಚೂ ಇರುವುದಿಲ್ಲ. ಈ ಸಂಚಿಕೆಯಲ್ಲೇ ಬರೆಯುವ ಅವಸರ ಅದಕ್ಕೇ. ಗೋಡೆಯ ಬದಿಗೆ ತಗಚೆ, ಕೊಳಿಂಜಿ ಬೀಜ ಎರಚಿ. ತಗಚೆಯೆಂದು ಪೊನ್ನಾವಾರೈ ಬೀಜ ತರಬೇಡಿ, ಅದರ ಕಾಯಿ ಮಕ್ಕಳಿಗೂ ದನಕ್ಕೂ ವಿಷ.

ಗಿಡ ನೆಡಲಾಗದ ದಾರಿಗಳಿಗೆ, ಮರದ ಬುಡಗಳಿಗೆ ಮುಚ್ಚಿಗೆ ಒಳ್ಳೆಯದು. ತೆಂಗಿನ ನಾರಿನ ಪುಡಿ ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ. ನಾಲ್ಕು ಅಂಗುಲ ದಪ್ಪ ಹರಡಿದರೆ ಬೆಳಕು ತಾಗದೆ ಬೀಜ ಮೊಳೆಯುವುದಿಲ್ಲ, ಕೊನ್ನಾರಿಯೂ ಸೊರಗುತ್ತದೆ. ಮೇಣದ ಬತ್ತಿ ಹಚ್ಚುವ ಜಾಗದಲ್ಲಿ ಮಾತ್ರ ನಾರು, ಒಣ ಎಲೆ ಬೇಡ, ಮರಳು ಹಾಕಿ. ಸಿಮೆಂಟು ಸಮಾಧಿಯ ಬಿರುಕು, ಬೀದಿಯ ಕಲ್ಲುಹಾಸಿನ ಸಂದು ಇವಕ್ಕೆ ಕುದಿಯುವ ನೀರು. ಹೊಟ್ಟೆ ತುಂಬ ಉಂಡ ಹಬ್ಬದ ದಿನ ಅಡುಗೆಯ ಹಂಡೆ ಖಾಲಿಯಾಗುತ್ತದಲ್ಲ, ಆ ಒಲೆಯ ಕೆಂಡದಲ್ಲೇ ನೀರು ಕಾಯಿಸಿ ಹೊಯ್ಯಿರಿ. ಎಳೆ ಗಿಡ ಅಂದೇ ಬಾಡುತ್ತದೆ. ಬೇರು ಗಟ್ಟಿಯಿರುವುದಕ್ಕೆ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ. ಮಕ್ಕಳು ದೂರವಿರಲಿ. ಏಪ್ರಿಲ್-ಮೇ ಬಿಸಿಲಿನಲ್ಲಿ, ಒದ್ದೆ ಮಾಡಿದ ನೆಲದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ಅಂಚಿಗೆ ಮಣ್ಣು ಹಾಕಿ ಆರು ವಾರ ಬಿಟ್ಟರೆ ಮೇಲ್ಮಣ್ಣಿನ ಬೀಜ ಬಹುಪಾಲು ಸಾಯುತ್ತದೆ. ಹೊಸ ಸಮಾಧಿಗಳಿಗೆಂದು ಬಿಟ್ಟಿರುವ ಖಾಲಿ ಭಾಗಕ್ಕೆ ಬರುವ ಬೇಸಿಗೆಯಲ್ಲಿ ಇದನ್ನು ಮಾಡಬಹುದು.

ಉಪ್ಪಿನ ಬಗ್ಗೆ ಕೇಳುವವರಿದ್ದಾರೆ. 10 ಲೀಟರ್ ನೀರಿಗೆ ಒಂದೂವರೆಯಿಂದ ಎರಡು ಕಿಲೋ ಉಪ್ಪು ಕರಗಿಸಿ ಹೊಡೆದರೆ ಪಾರ್ಥೇನಿಯಂ ಸಾಯುವುದು ನಿಜ. ರೈಲು ಹಳಿಯ ಬದಿಗೆ, ಬಂಜರು ನೆಲಕ್ಕೆ ಅದನ್ನು ಶಿಫಾರಸು ಮಾಡಿದ್ದಾರೆ. ಆದರೆ ಉಪ್ಪು ಮಣ್ಣಿನಲ್ಲೇ ಉಳಿದು ಮುಂದೆ ಏನೂ ಬೆಳೆಯದಂತೆ ಮಾಡುತ್ತದೆ, ಸಮಾಧಿಯ ಇಟ್ಟಿಗೆ ಗಾರೆಯನ್ನೂ ತಿನ್ನುತ್ತದೆ. ನೆಕ್ಕಿದ ನಾಯಿಗೆ, ದನಕ್ಕೆ ಹೆಚ್ಚು ಉಪ್ಪೂ ವಿಷವೇ. ವಿನೆಗರ್ ಅಡುಗೆಮನೆಯದಾದರೆ ಎಳೆ ಗಿಡದ ಎಲೆ ಸುಡುತ್ತದೆ, ಅಷ್ಟೇ. ಗಾಢವಾದ ಆಮ್ಲ ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಗಿಡಮೂಲಿಕೆಯದು, ಪ್ರಕೃತಿಯದು ಎಂಬ ಮಾತಿಗೇ ಮರುಳಾಗಬೇಡಿ. ಸಮಾಧಿ ತೋಟದ ಅಂದಕ್ಕೆಂದು ನಾವೇ ನೆಡುವ ಕಣಗಲೆ (ಅರಳಿ) ಎಲೆಯಿಂದ ಬೇರಿನವರೆಗೆ ವಿಷ. ದನವೋ ನಾಯಿಯೋ ಸ್ವಲ್ಪ ತಿಂದರೂ ಹೃದಯ ನಿಲ್ಲಬಹುದು. ಕತ್ತರಿಸಿದ ಕೊಂಬೆಯನ್ನು ಬೀದಿಗೆ ಎಸೆಯಬೇಡಿ.

ಒಂದು ಆರೋಗ್ಯದ ಎಚ್ಚರಿಕೆ. ಪೊದೆ, ಹುಲ್ಲು ಕಡಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಉಣ್ಣೆಮರಿಗಳು ಕಚ್ಚಿ ಸ್ಕ್ರಬ್ ಟೈಫಸ್ ಎಂಬ ಜ್ವರ ಬರುತ್ತದೆ. ತಮಿಳುನಾಡಿನಲ್ಲಿ ಮಳೆ ನಿಂತ ಚಳಿ ತಿಂಗಳಲ್ಲಿ ಇದು ಹೆಚ್ಚು. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ. ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದು, ಕಂಕುಳಲ್ಲೋ ಸೊಂಟದಲ್ಲೋ ಬೀಡಿ ಸುಟ್ಟಂಥ ಕಪ್ಪು ಕಲೆ ಕಂಡರೆ ವೈದ್ಯರಿಗೆ "ಪೊದೆ ಕಡಿದಿದ್ದೆ" ಎಂದು ಹೇಳಿ. ಬೇಗ ತಿಳಿದರೆ ಸುಲಭದ ಮಾತ್ರೆಯಲ್ಲಿ ವಾಸಿ. ತಡವಾದರೆ ಪ್ರಾಣಕ್ಕೆ ಅಪಾಯ.

ಪೇಟೆಗಳ ಮಾತು

ಇದೆಲ್ಲ ಚಿಕ್ಕ ಊರಿಗೆ ಸರಿ, ಕಂಬಂ, ತೇನಿ, ದಿಂಡಿಗಲ್‌ನಂಥ ಪೇಟೆಗೆ ಆಗುವುದೇ ಎನ್ನಬಹುದು. ನಮಗೆ ದ್ರಾಕ್ಷಿ ಕೊಟ್ಟ ಫ್ರಾನ್ಸ್ ದೇಶ 2014ರಲ್ಲಿ ಕಾನೂನು ಮಾಡಿ, 2017ರ ಜನವರಿಯಿಂದ ಸಾರ್ವಜನಿಕ ಉದ್ಯಾನ, ಬೀದಿ ಬದಿಗಳಲ್ಲಿ ಸರಕಾರಿ ಸಂಸ್ಥೆಗಳು ರಾಸಾಯನಿಕ ಕಳೆನಾಶಕ ಬಳಸುವುದನ್ನು ನಿಲ್ಲಿಸಿತು. 2022ರ ಜುಲೈಯಿಂದ ಸಮಾಧಿ ತೋಟಗಳಿಗೂ ಅದು ಅನ್ವಯವಾಯಿತು. ಹಿರಿಯರ ಸಮಾಧಿಗೆ ಅವಮಾನವಾಯಿತು ಎಂದು ಮೊದಮೊದಲು ಅಲ್ಲಿಯೂ ಜನ ಗೊಣಗಿದರು. ಹಲವು ಊರುಗಳಲ್ಲಿ ಜಲ್ಲಿಯ ದಾರಿಗಳಲ್ಲಿ ಹುಲ್ಲು ಬಿತ್ತಿ, ಸಮಾಧಿಗಳ ನಡುವೆ ಗಿಡ್ಡ ಹೂಗಿಡ ಹಬ್ಬಿಸಿದರು. ನಮ್ಮ ಗ್ರಾಮಗಳಲ್ಲಿ ಅಕ್ಟೋಬರ್ 2ರಂದು ಗ್ರಾಮಸಭೆ ಇದೆ. ಶಾಲೆಯ ಬದಿ, ಕುಡಿಯುವ ನೀರಿನ ತೊಟ್ಟಿಯ ಸುತ್ತ ಕಳೆನಾಶಕ ಹೊಡೆಯಬಾರದು, ಆ ಹಣವನ್ನು ಕೈಯಿಂದ ಕೀಳುವವರ ಕೂಲಿಗೆ ಕೊಡಬೇಕು ಎಂದು ಅಲ್ಲಿ ಕೇಳಬಹುದು. ಪೇಟೆಯವರು ತಮ್ಮ ವಾರ್ಡಿನ ಸದಸ್ಯರನ್ನು ಕೇಳಲಿ. ಪೌರಕಾರ್ಮಿಕರು ಕೈಚೀಲವೂ ಮುಖವಾಡವೂ ಇಲ್ಲದೆ ಪಂಪು ಹೊತ್ತು ನಿಂತದ್ದನ್ನು ಕಂಡರೆ ಅದನ್ನೂ ಹೇಳಿ.

ಪಾರ್ಥೇನಿಯಂ ಜಾಗೃತಿ ಸಪ್ತಾಹವೆಂದು ದೇಶದಲ್ಲಿ ಪ್ರತಿ ವರ್ಷ ಆಚರಿಸುವುದು ಆಗಸ್ಟ್ 16ರಿಂದ 22. ಆ 16ನೇ ತಾರೀಖು, ಸ್ವರೂಪದಲ್ಲಿ ಪಕ್ಕದಲ್ಲಿ ರೊಟ್ಟಿ ಕಚ್ಚಿದ ನಾಯಿ ಇರುವ ಸಂತ ರೋಕ್ ಅವರ ಹಬ್ಬ. ಯಾರು ಯೋಚಿಸಿ ಇಟ್ಟದ್ದೋ ಅಲ್ಲವೋ, ನನಗಂತೂ ಸಂತೋಷವಾಯಿತು. ಆ ದಿನ ಬೆಳಗಿನ ಪೂಜೆಯ ಬಳಿಕ ಸಮಾಧಿ ತೋಟದಲ್ಲಿ ಮೊದಲ ಸುತ್ತಿನ ಕೆಲಸ. ಪ್ರತಿ ಅನ್ಬಿಯಂಗೆ ಒಂದೊಂದು ಸಾಲು ಹಂಚಿದೆ, ಪಟ್ಟಿ ಚರ್ಚಿನ ಬಾಗಿಲಲ್ಲಿದೆ. ಎರಡನೆಯ ಸುತ್ತು ಸೆಪ್ಟೆಂಬರ್ ಮಧ್ಯದಲ್ಲಿ ಸಸಿ ನೆಡುವಾಗ, ಮೂರನೆಯದು ಅಕ್ಟೋಬರ್ ಮೊದಲ ಮಳೆಯ ಮರುದಿನ. ಮೂರನೆಯ ಸುತ್ತಿಗೆ ಆರು ಮಂದಿ ಹೆಂಗಸರನ್ನು ಕೂಲಿಗೆ ಕರೆಯಲು ಪಾಲನಾ ಸಮಿತಿ ಒಪ್ಪಿದೆ; ಮದ್ದಿಗೆಂದು ಎತ್ತಿಟ್ಟಿದ್ದ ಹಣ ಅದಕ್ಕೇ ಹೋಗುತ್ತದೆ. ಕುಡುಗೋಲು, ಗುದ್ದಲಿ, ಹಳೆಯ ಗೋಣಿಚೀಲ ತನ್ನಿ. ಮನೆಯಲ್ಲಿ ಒಣಗಿಸಿಟ್ಟ ಚೆಂಡುಹೂವಿನ ಬೀಜವಿದ್ದರೆ ಕಾಗದದಲ್ಲಿ ಕಟ್ಟಿ ಮೇಲೆ ಬಣ್ಣ ಬರೆದು ಉಪದೇಶಿಯವರ ಹತ್ತಿರ ಕೊಡಿ. ಉಬ್ಬಸದವರು ಬಂದರೆ ಪಾತಿ ಮಾಡುವ ಕೆಲಸ ಅವರದ್ದು.